ಊರಿಗೆ ಪ್ರವಾಹವಲ್ಲದ ನೀರು ತೆಪ್ಪಕ್ಕೆ ಪ್ರವಾಹ: ಕಾವೇರಿ ಕೊಳ್ಳದ ಅಧಿಕಾರಿಗಳಿಗೆ ಬಹಿರಂಗ ಪತ್ರ

ಗೆ,
ಮೈಸೂರು ಹಾಗೂ ಮಂಡ್ಯ ಜಿಲ್ಲೆಗಳ ನದಿ, ಕೆರೆ, ನಾಲೆ, ಜಲಾಶಯಗಳ ಹೊಣೆ ಹೊತ್ತಿರುವ ಎಲ್ಲ ಅಧಿಕಾರಿಗಳಿಗೆ.

ಮಾನ್ಯರೇ,

ವಿಷಯ: ತೆಪ್ಪ, ಕಯಾಕ್ ಮತ್ತು ಹುಟ್ಟುದೋಣಿ ವಿಹಾರಕ್ಕೆ ನಿಯಮ ರೂಪಿಸುವ ಬಗ್ಗೆ, ಹಾಗೂ ನದಿಗೆ ನೀರು ಬಿಡುವ ಮಾಹಿತಿಯನ್ನು ನೀರಿನ ಮೇಲಿರುವವರಿಗೆ ತಲುಪಿಸುವ ಬಗ್ಗೆ.

ಶ್ರೀರಂಗಪಟ್ಟಣದ ಸಂಗಮದಲ್ಲಿ, ತಲಕಾಡಿನ ಮರಳ ದಡದಲ್ಲಿ, ತೊಣ್ಣೂರು ಕೆರೆಯಲ್ಲಿ, ವರುಣ ಕೆರೆಯಲ್ಲಿ, ಕೆಆರ್‌ಎಸ್ ಹಾಗೂ ಕಬಿನಿಯ ಹಿನ್ನೀರಿನ ಅಂಚಿನಲ್ಲಿ ನೀರಿಗಿಳಿಯುವವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ತೆಪ್ಪ ಹಾಕುವುದು ಇಲ್ಲಿನ ಕೆಲವು ಮನೆತನಗಳಿಗೆ ತಲೆಮಾರುಗಳ ಕಸುಬು. ಒಬ್ಬಿಬ್ಬರು ಕುಳಿತು ಹುಟ್ಟು ಹಾಕುವ ಕಿರಿದಾದ ಉದ್ದನೆಯ ದೋಣಿ, ಕಯಾಕ್, ಈಚೆಗೆ ಬಂದದ್ದು. ಕಾರಿನ ತಲೆಯ ಮೇಲೆ ಕಟ್ಟಿಕೊಂಡು ಬೆಳಗಿನ ಜಾವ ಹೊರಡುವ ಹವ್ಯಾಸಿಗಳೂ ಇದ್ದಾರೆ, ಗಂಟೆಗಿಷ್ಟು ಎಂದು ಬಾಡಿಗೆಗೆ ಕೊಡುವವರೂ ಇದ್ದಾರೆ. ಇದೆಲ್ಲವನ್ನೂ ನಿಲ್ಲಿಸಿ ಎಂದು ಕೇಳಲು ನಾವು ಈ ಪತ್ರ ಬರೆಯುತ್ತಿಲ್ಲ. ಹೇಗಿದೆಯೋ ಹಾಗೇ ನಡೆಯಲಿ ಎಂದು ಬಿಟ್ಟುಬಿಡಬೇಡಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇವೆ.

ಈಗ ನಡೆಯುತ್ತಿರುವುದು ಇಷ್ಟು. ಒಂದು ಸಾವು ಸಂಭವಿಸುತ್ತದೆ. ಮರುದಿನ ದಡದಲ್ಲಿ ‘ನೀರಿಗಿಳಿಯುವುದನ್ನು ನಿಷೇಧಿಸಲಾಗಿದೆ’ ಎಂಬ ಫಲಕ ಏಳುತ್ತದೆ. ಕೆಲವು ವಾರ ಪೊಲೀಸರು ಕಾವಲಿರುತ್ತಾರೆ. ಆಮೇಲೆ ಅದೇ ತೆಪ್ಪ, ಅದೇ ದೋಣಿ, ಫಲಕ ಇಲ್ಲದ ಆಚೆ ದಡದಿಂದ ಹೊರಡುತ್ತದೆ. ನಿಷೇಧವಿರುವ ಕಡೆ ಸಿಕ್ಕಿಬೀಳಬಾರದೆಂಬ ಅವಸರ ಇರುವುದರಿಂದ ಲೈಫ್ ಜಾಕೆಟ್ ಹಂಚುವ ಹೊತ್ತೂ ಉಳಿಯುವುದಿಲ್ಲ. ಎಲ್ಲಿ ಆಳ, ಎಲ್ಲಿ ಸುಳಿ, ಎಷ್ಟು ನೀರಿದ್ದಾಗ ಅಪಾಯ, ಯಾರಿಗೆ ಫೋನ್ ಮಾಡಬೇಕು ಎಂಬ ಯಾವ ಮಾಹಿತಿಯೂ ಆ ಫಲಕದಲ್ಲಿರುವುದಿಲ್ಲ. ವರ್ಷವಿಡೀ ಒಂದೇ ಮಾತು ಹೇಳುವ ಫಲಕವನ್ನು ಜನ ಓದುವುದನ್ನೇ ಬಿಟ್ಟಿದ್ದಾರೆ.

ಎಲ್ಲಕ್ಕಿಂತ ಮುಖ್ಯವಾದ ವಿಚಾರವನ್ನು ಮೊದಲೇ ಹೇಳುತ್ತೇವೆ. ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಡುವಾಗ ನದಿಪಾತ್ರದ ಹಳ್ಳಿಗಳಿಗೆ ಮುನ್ನೆಚ್ಚರಿಕೆ ಹೋಗುತ್ತದೆ. ಮೈಕಿನಲ್ಲಿ ಸಾರುತ್ತಾರೆ, ಪತ್ರಿಕೆಗಳಲ್ಲಿ ಬರುತ್ತದೆ, ದನಕರು ಪಂಪ್‌ಸೆಟ್ ಸಾಗಿಸಲು ಸಮಯ ಸಿಗುತ್ತದೆ. ಇದು ಒಳ್ಳೆಯ ವ್ಯವಸ್ಥೆ, ಅದರ ಬಗ್ಗೆ ನಮಗೆ ಗೌರವವಿದೆ. ಆದರೆ ಈ ಎಚ್ಚರಿಕೆಯ ಅಳತೆಗೋಲು ದಡದ ಮೇಲಿನ ಮನೆ, ಗದ್ದೆ, ಸೇತುವೆ. ನದಿಯ ನಡುವೆ ತೆಪ್ಪದಲ್ಲಿ ಕುಳಿತವರ ಅಳತೆಗೋಲು ಬೇರೆ. ಬೇಸಿಗೆಯಲ್ಲಿ ಕೆಲವು ನೂರು ಕ್ಯುಸೆಕ್ ಹರಿಯುತ್ತಿರುವ ಪಾತ್ರದಲ್ಲಿ ಅದು ಐದು ಸಾವಿರಕ್ಕೆ ಏರಿದರೆ ಊರಿನ ಒಂದು ಅಂಗಳವೂ ಒದ್ದೆಯಾಗುವುದಿಲ್ಲ, ಆದ್ದರಿಂದ ಯಾರೂ ಸಾರುವುದಿಲ್ಲ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಐದು ಸಾವಿರ ಕ್ಯುಸೆಕ್ ಎಂದರೆ ಪ್ರತಿ ಸೆಕೆಂಡಿಗೆ 1 ಲಕ್ಷ 40 ಸಾವಿರ ಲೀಟರ್. ಬಂಡೆಗಳ ನಡುವಿನ ಇಕ್ಕಟ್ಟಾದ ಕವಲಿನಲ್ಲಿ ಮೊಣಕಾಲುದ್ದ ಇದ್ದ ನೀರು ಎದೆಮಟ್ಟ ಆಗಲು ಅಷ್ಟು ಸಾಕು.

ಆಳಕ್ಕಿಂತಲೂ ವೇಗ ಕೆಟ್ಟದ್ದು. ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಹೊಸಬರು ಕಯಾಕಿನಲ್ಲಿ ಬಿಡದೆ ಹುಟ್ಟು ಹಾಕಿದರೆ ಗಂಟೆಗೆ ಮೂರರಿಂದ ನಾಲ್ಕು ಕಿ.ಮೀ. ಸಾಗಬಲ್ಲರು. ನದಿಯ ಸೆಳವು ಅದನ್ನು ಮೀರಿತೆಂದರೆ ಹೊರಟ ಜಾಗಕ್ಕೆ ಮರಳುವ ದಾರಿ ಮುಚ್ಚಿದಂತೆಯೇ. ತೆಪ್ಪ ದುಂಡಗಿರುವುದರಿಂದ ಸೆಳವಿಗೆ ಎದುರಾಗಿ ಇನ್ನೂ ನಿಧಾನ. ಆಗ ಅಂಬಿಗ ಏನು ಮಾಡಬಲ್ಲ? ಓರೆಯಾಗಿ ದಡದತ್ತ ಸರಿಯುತ್ತ, ಸಿಕ್ಕಿದ ಕಡೆ ಇಳಿಸಬಲ್ಲ. ಸಿಕ್ಕುವ ದಡಕ್ಕೆ ಮುಂಚೆ ಕಟ್ಟೆಯೊಂದು ಎದುರಾದರೆ ಅದೂ ಕೈಮೀರುತ್ತದೆ.

ಕೆಆರ್‌ಎಸ್ ಜಲಾಶಯದ ಗರಿಷ್ಠ ಮಟ್ಟ 124.80 ಅಡಿ. ಅಲ್ಲಿಗೆ ಮುಟ್ಟಿದ ಮೇಲೆ ಕಟ್ಟೆಯಲ್ಲಿ ಹಿಡಿದಿಡಲು ಜಾಗವಿರುವುದಿಲ್ಲ, ಬಂದಷ್ಟನ್ನು ಬಿಡಲೇಬೇಕು. ಕೊಡಗಿನಲ್ಲಿ ರಾತ್ರಿ ಮಳೆ ಹುಯ್ದರೆ ಶ್ರೀರಂಗಪಟ್ಟಣದಲ್ಲಿ ಬಿಸಿಲು ಕಾಯುತ್ತಿರುವಾಗಲೇ ನದಿ ಏರುತ್ತದೆ. ದೂರದಿಂದ ಬಂದ ಪ್ರವಾಸಿ ಆಕಾಶ ನೋಡಿ ನಿರ್ಧರಿಸುತ್ತಾನೆ. ಅವನಿಗೆ ಬೇಕಾದದ್ದು ಗೇಟಿನ ಸುದ್ದಿ. ಪತ್ರಿಕೆಯಲ್ಲಿ ನಿತ್ಯ ಬರುವ ಒಳಹರಿವು, ಹೊರಹರಿವಿನ ಅಂಕಿಯೂ ಅವನಿಗೆ ಪೂರ್ತಿ ನೆರವಾಗುವುದಿಲ್ಲ. ಅದು ಹಿಂದಿನ ದಿನದ್ದು. ಮೇಲಾಗಿ ಹೊರಹರಿವು ಎಂದು ಒಂದೇ ಮೊತ್ತ ಕೊಟ್ಟಾಗ ಅದರಲ್ಲಿ ವಿಶ್ವೇಶ್ವರಯ್ಯ ನಾಲೆ ಮುಂತಾದ ನಾಲೆಗಳಿಗೆ ಹೋದದ್ದೆಷ್ಟು, ನದಿಗೆ ಇಳಿದದ್ದೆಷ್ಟು ಎಂಬುದು ತಿಳಿಯುವುದಿಲ್ಲ. ಹುಟ್ಟು ಹಿಡಿಯುವವನಿಗೆ ನದಿಯ ಪಾಲು ಒಂದೇ ಮುಖ್ಯ. ಕೆಳಗೆ ಸಣ್ಣ ಜಲವಿದ್ಯುತ್ ಘಟಕಗಳಿರುವ ಕಡೆ ಯಂತ್ರ ಚಾಲೂ ಆದಾಗ, ನಿಂತಾಗ ಆಗುವ ಏರಿಳಿತವೂ ಯಾರಿಗೂ ಗೊತ್ತಾಗುವುದಿಲ್ಲ.

ಇದು ಆಗದ ಕೆಲಸವೇನಲ್ಲ. ರಂಗನತಿಟ್ಟಿನಲ್ಲಿ ಅರಣ್ಯ ಇಲಾಖೆ ಇದನ್ನು ಮಾಡುತ್ತಿದೆ. ಕೆಆರ್‌ಎಸ್‌ನಿಂದ ನೀರು ಹೆಚ್ಚಾದರೆ ಅಲ್ಲಿ ದೋಣಿ ವಿಹಾರ ನಿಲ್ಲುತ್ತದೆ, ಇಳಿದ ಮೇಲೆ ಮತ್ತೆ ಶುರುವಾಗುತ್ತದೆ. ಅದೇ ನೀರು ಅಲ್ಲಿಂದ ಮುಂದೆ ಹರಿದು ಶ್ರೀರಂಗಪಟ್ಟಣದ ಸ್ನಾನಘಟ್ಟಗಳನ್ನೂ ಸಂಗಮವನ್ನೂ ಮುಟ್ಟುತ್ತದೆ. ಪಕ್ಷಿಧಾಮದ ದೋಣಿಗೆ ತಲುಪುವ ಮಾಹಿತಿ ಸಂಗಮದ ತೆಪ್ಪಕ್ಕೂ ತಲುಪಲಿ ಎಂಬುದೇ ನಮ್ಮ ಮೊದಲ ಬೇಡಿಕೆ.

ಅದಕ್ಕೆ ಆ್ಯಪ್, ಡಿಜಿಟಲ್ ಪರದೆ ಬೇಕಿಲ್ಲ. ತೆಪ್ಪ ಹೊರಡುವ ಪ್ರತಿ ಘಟ್ಟದ ಮೆಟ್ಟಿಲ ಮೇಲೆ, ಸೇತುವೆಯ ಕಂಬದ ಮೇಲೆ ಬಣ್ಣದ ಮಟ್ಟಪಟ್ಟಿ ಬಳಿಯಿರಿ. ನೀರು ಹಸಿರಿನಲ್ಲಿದ್ದರೆ ಎಲ್ಲರೂ ಇಳಿಯಬಹುದು. ಹಳದಿಗೆ ಬಂದರೆ ಅನುಭವಿಗಳು ಮಾತ್ರ, ತೆಪ್ಪದಲ್ಲಿ ಅರ್ಧದಷ್ಟೇ ಜನ, ಮಕ್ಕಳು ಬೇಡ. ಕೆಂಪು ಮುಟ್ಟಿದರೆ ಎಲ್ಲವೂ ದಡದಲ್ಲಿ. ಯಾವ ಮೆಟ್ಟಿಲಿಗೆ ಯಾವ ಬಣ್ಣ ಎಂದು ಕಚೇರಿಯಲ್ಲಿ ಕುಳಿತು ತೀರ್ಮಾನಿಸಬೇಡಿ. ಆಯಾ ಘಟ್ಟದ ಅಂಬಿಗರನ್ನು ಕರೆಯಿರಿ. ಇಂಥ ಬಂಡೆ ಮುಳುಗಿದರೆ ತೆಪ್ಪ ಹಾಕಬಾರದು ಎಂಬ ಲೆಕ್ಕ ಅವರ ತಲೆಯಲ್ಲಿದೆ. ಅದನ್ನು ಕ್ಯುಸೆಕ್‌ಗೆ ಹೊಂದಿಸಿ ಬಣ್ಣ ಬಳಿಯುವುದು ಒಂದು ಬೇಸಿಗೆಯ ಕೆಲಸ. ಜತೆಗೆ, ನದಿಗೆ ಬಿಡುವ ನೀರನ್ನು ಹೆಚ್ಚಿಸುವ ಮೊದಲು ಆ ಘಟ್ಟಗಳ ಅಂಬಿಗರಿಗೆ, ಬಾಡಿಗೆ ದೋಣಿಯವರಿಗೆ, ನೋಂದಾಯಿಸಿಕೊಂಡ ಹವ್ಯಾಸಿಗಳಿಗೆ ಕನ್ನಡದಲ್ಲಿ ಒಂದು ಮೆಸೇಜ್ ಹೋಗಲಿ: ಈಗ ನದಿಗೆ ಇಷ್ಟು, ಇಷ್ಟು ಗಂಟೆಯಿಂದ ಇಷ್ಟು.

ಎರಡನೆಯದು ಕಟ್ಟೆಗಳ ವಿಚಾರ. ಈ ಎರಡು ಜಿಲ್ಲೆಗಳ ಕಾವೇರಿ ಉದ್ದಕ್ಕೂ ಅರಸರ ಕಾಲದ ಅಡ್ಡಕಟ್ಟೆಗಳಿವೆ. ಬಂಗಾರದೊಡ್ಡಿ, ವಿರಿಜಾ, ಚಿಕ್ಕದೇವರಾಜ ಸಾಗರ ನಾಲೆಗಳಿಗೆ ನೀರು ತಿರುಗಿಸುವ ಕಟ್ಟೆಗಳು, ತಲಕಾಡಿನ ಬಳಿಯ ಮಾಧವಮಂತ್ರಿ ಕಟ್ಟೆ. ರಂಗನತಿಟ್ಟಿನ ನಡುಗಡ್ಡೆಗಳೂ 17ನೇ ಶತಮಾನದಲ್ಲಿ ಕಟ್ಟಿದ ಇಂಥದೊಂದು ಒಡ್ಡಿನಿಂದ ಆದವೇ. ಗದ್ದೆಗೆ ಇವು ಜೀವ. ದೋಣಿಗೆ ಇವು ನದಿಯ ಅತಿ ಅಪಾಯದ ಜಾಗ. ಮೇಲಿನಿಂದ ಬರುವವರಿಗೆ ಕಟ್ಟೆ ಕಾಣಿಸುವುದೇ ಇಲ್ಲ. ನೀರಿನ ಮೇಲೆ ಒಂದು ನೆಟ್ಟಗಿನ ಗೆರೆ, ಅದರಾಚೆ ದೂರದ ಮರಗಳು, ಅಷ್ಟೇ. ಗಾಳಿ ಬೆನ್ನಿನಿಂದ ಬೀಸುತ್ತಿದ್ದರೆ ಭೋರ್ಗರೆತವೂ ಕೇಳುವುದಿಲ್ಲ. ಕಟ್ಟೆಯ ಮೇಲಿಂದ ಬಿದ್ದ ನೀರು ಬುಡದಲ್ಲಿ ತಳಕ್ಕಿಳಿದು, ಸ್ವಲ್ಪ ಮುಂದೆ ಮೇಲೆದ್ದು, ಮೇಲ್ಮೈಯಲ್ಲಿ ಮತ್ತೆ ಕಟ್ಟೆಯ ಕಡೆಗೇ ಹಿಂದೆ ಹರಿಯುತ್ತದೆ. ಅದರಲ್ಲಿ ಸಿಕ್ಕಿದ ಕಟ್ಟಿಗೆಯ ತುಂಡು ಗಂಟೆಗಟ್ಟಲೆ ಅಲ್ಲೇ ಉರುಳುತ್ತಿರುತ್ತದೆ. ಮನುಷ್ಯನಿಗೂ ಅದೇ ಗತಿ. ನೊರೆಯಲ್ಲಿ ಗಾಳಿ ತುಂಬಿರುವುದರಿಂದ ಲೈಫ್ ಜಾಕೆಟ್ ಕೂಡ ಅಲ್ಲಿ ಪೂರ್ತಿ ಎತ್ತಿ ಹಿಡಿಯಲಾರದು. ಉಳಿಸಲು ಹಾರಿದವರು ಜತೆಗೆ ಹೋಗುವುದು ಇದೇ ಕಾರಣಕ್ಕೆ. ಮೂರಡಿ ಕಟ್ಟೆ ಏನು ಮಾಡೀತು ಎಂದು ಬಲಮುರಿ, ಎಡಮುರಿಗಳಲ್ಲಿ ಜನ ಕೇಳುತ್ತಾರೆ. ಬೀಳುವ ಎತ್ತರಕ್ಕಿಂತ ಹರಿಯುವ ಪ್ರಮಾಣ ಮುಖ್ಯ ಎಂದು ಅವರಿಗೆ ಅಲ್ಲಿ ಹೇಳುವವರಿಲ್ಲ.

ಪ್ರತಿ ಕಟ್ಟೆಯ ಮೇಲ್ಗಡೆ, ಕನಿಷ್ಠ 200 ಮೀಟರ್ ಹಿಂದೆ, ಎರಡೂ ದಡದಲ್ಲಿ ಫಲಕ ಬೇಕು. ಅದು ರಸ್ತೆಗೆ ಮುಖ ಮಾಡಿರಬಾರದು, ನದಿಗೆ ಮುಖ ಮಾಡಿರಬೇಕು. ದೋಣಿಯಲ್ಲಿ ಬರುವವನು ಓದಬೇಕಾದ ಫಲಕವನ್ನು ಕಾರಿನಲ್ಲಿ ಬರುವವನಿಗೆ ನೆಟ್ಟರೆ ಪ್ರಯೋಜನವಿಲ್ಲ. ‘ಮುಂದೆ ಕಟ್ಟೆ, ಎಡದಡಕ್ಕೆ ಇಳಿಯಿರಿ’ ಎಂಬಂತೆ ನಾಲ್ಕೇ ಪದ, ಅಂಗೈಯಗಲದ ಅಕ್ಷರ. ಸಾಧ್ಯವಿರುವ ಕಡೆ ಕೇಸರಿ ಬಣ್ಣದ ತೇಲುಬುರುಡೆಗಳ ಸಾಲು. ದೋಣಿಯನ್ನು ಹೊತ್ತು ಕಟ್ಟೆ ದಾಟಿ ಕೆಳಗೆ ಇಳಿಸಲು ದಡದಲ್ಲೊಂದು ಕಾಲುದಾರಿ ಬಿಡಿಸಿಕೊಟ್ಟರೆ ಕಟ್ಟೆ ಹಾರಿಸುವ ಹುಚ್ಚಾಟಕ್ಕೂ ಕಡಿವಾಣ ಬೀಳುತ್ತದೆ.

ಇನ್ನು ಲೈಫ್ ಜಾಕೆಟ್. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಎಲ್ಲರೂ ಜಾಕೆಟ್ ಕೊಡುತ್ತೇವೆ ಎನ್ನುತ್ತಾರೆ, ಕೊಡುವುದು ಏನೆಂದು ಯಾರೂ ನೋಡುವುದಿಲ್ಲ.

ಒಂದು ಘಟ್ಟದಲ್ಲಿ ಮೊಳೆಗೆ ನೇತುಹಾಕಿದ್ದ ಜಾಕೆಟ್‌ಗಳನ್ನು ನಾವು ಕೈಗೆತ್ತಿಕೊಂಡು ನೋಡಿದೆವು. ಕೇಸರಿ ಬಣ್ಣ ಬಿಸಿಲಿಗೆ ಬಿಳಿಚಿ ಗುಲಾಬಿಯಾಗಿತ್ತು. ಮೂರು ಬಕಲ್‌ಗಳಿರಬೇಕಾದಲ್ಲಿ ಒಂದು ಉಳಿದಿತ್ತು, ಉಳಿದೆರಡರ ಜಾಗದಲ್ಲಿ ಪ್ಲಾಸ್ಟಿಕ್ ದಾರ. ಹೊಲಿಗೆ ಬಿಟ್ಟ ಕಡೆಯಿಂದ ಥರ್ಮಾಕೋಲಿನ ಚೂರುಗಳು ಉದುರುತ್ತಿದ್ದವು. ತೊಡಿಸುವವರು ತಲೆಯ ಮೇಲಿಂದ ಹಾಕಿ, ಪಟ್ಟಿ ಬಿಗಿಯದೆ ಕಳುಹಿಸುತ್ತಿದ್ದರು. ಐದಾರು ವರ್ಷದ ಮಗುವಿಗೂ ದೊಡ್ಡವರದೇ ಜಾಕೆಟ್. ಇಂಥದ್ದನ್ನು ತೊಟ್ಟ ಮಗು ನೀರಿಗೆ ಬಿದ್ದರೆ ಜಾಕೆಟ್ ಮೇಲಕ್ಕೆ ಜಾರುತ್ತದೆ, ಮಗು ಕೆಳಕ್ಕೆ. ಯಾವ ಘಟ್ಟ, ಯಾರದು ಎಂದು ಇಲ್ಲಿ ಬರೆಯುವುದಿಲ್ಲ. ಅದೊಂದೇ ಕಡೆಯ ಕಥೆ ಅಲ್ಲವಾದ್ದರಿಂದ ಹೆಸರಿನಿಂದ ಲಾಭವಿಲ್ಲ.

ಮನುಷ್ಯನ ದೇಹ ನೀರಿನಲ್ಲಿ ಬಹುಪಾಲು ತಾನೇ ತೇಲುತ್ತದೆ. ತಲೆಯನ್ನು ನೀರಿನ ಮೇಲೆ ಹಿಡಿಯಲು ವಯಸ್ಕರಿಗೆ ಹೆಚ್ಚುವರಿಯಾಗಿ ಬೇಕಾಗುವುದು ಸುಮಾರು ಮೂರರಿಂದ ಐದು ಕಿಲೋ ಎತ್ತುವಷ್ಟು ಬಲ. ಜಾಕೆಟ್‌ನ ಒಳಪಟ್ಟಿಯಲ್ಲಿ 50 ನ್ಯೂಟನ್, 100 ನ್ಯೂಟನ್ ಎಂದು ಬರೆದಿರುತ್ತದೆ. ಹತ್ತು ನ್ಯೂಟನ್ ಎಂದರೆ ಸುಮಾರು ಒಂದು ಕಿಲೋ ಎಂದು ಲೆಕ್ಕ ಹಿಡಿಯಬಹುದು. 50 ನ್ಯೂಟನ್ ಜಾಕೆಟ್ ಈಜು ಬಲ್ಲವರಿಗೆ, ನೆರವು ಹತ್ತಿರದಲ್ಲೇ ಇರುವ ಕಡೆಗೆ. ಈಜು ಬಾರದ ಪ್ರವಾಸಿಗೆ 100 ನ್ಯೂಟನ್‌ನದು, ಕತ್ತಿನ ಹಿಂದೆ ದಿಂಬಿರುವುದು ಬೇಕು. ತೆಪ್ಪ ಹತ್ತುವವರಲ್ಲಿ ಹೆಚ್ಚಿನವರಿಗೆ ಈಜು ಬಾರದು ಎಂಬುದನ್ನು ನೆನಪಿಡಿ.

ತಪಾಸಣೆಗೆ ಪ್ರಯೋಗಾಲಯ ಬೇಡ. ತರಕಾರಿ ಅಂಗಡಿಯ ಐದು ಕಿಲೋ ಕಬ್ಬಿಣದ ತೂಕದ ಬಟ್ಟನ್ನು ಜಾಕೆಟ್‌ಗೆ ಕಟ್ಟಿ ನೀರಿಗೆ ಬಿಡಿ. ಆ ಕಬ್ಬಿಣ ನೀರಿನಲ್ಲಿ ನಾಲ್ಕೂಕಾಲು ಕಿಲೋಗಿಂತ ತುಸು ಹೆಚ್ಚು ತೂಗುತ್ತದೆ, ಸರಿಯಾದ 50 ನ್ಯೂಟನ್ ಜಾಕೆಟ್ ಅದನ್ನು ಹೊತ್ತು ತೇಲಲೇಬೇಕು. 100 ನ್ಯೂಟನ್‌ನದಾದರೆ ಹತ್ತು ಕಿಲೋ ಬಟ್ಟು. ಕೂಡಲೇ ಅಲ್ಲ, ಅರ್ಧ ಗಂಟೆ ನೆನೆದ ಮೇಲೆ ನೋಡಬೇಕು. ಮುಳುಗಿದ್ದನ್ನು ಅಲ್ಲೇ ಕತ್ತರಿಸಿ ಹಾಕಿ, ಇಲ್ಲದಿದ್ದರೆ ಅದು ಮತ್ತೆ ಮೊಳೆಗೆ ಏರುತ್ತದೆ. ತೊಡಿಸಿದ ಮೇಲಿನ ಪರೀಕ್ಷೆ ಇನ್ನೂ ಸುಲಭ. ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆಳೆಯಿರಿ. ಜಾಕೆಟ್ ಗಲ್ಲ ದಾಟಿ ಕಿವಿಯ ಮಟ್ಟಕ್ಕೆ ಬಂದರೆ ಅಳತೆ ದೊಡ್ಡದು ಅಥವಾ ಪಟ್ಟಿ ಸಡಿಲ. ಮಕ್ಕಳದಕ್ಕೆ ತೊಡೆ ಸಂದಿಯ ಪಟ್ಟಿ ಇರಲೇಬೇಕು. ಸೀರೆ ಉಟ್ಟವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅದರ ಮೇಲೆ ಜಾಕೆಟ್ ತೊಡಬೇಕು. ಸೆರಗು ಹೊರಗೆ ಬಿಟ್ಟರೆ ಅದು ಕೈಗೂ ಹುಟ್ಟಿಗೂ ಸುತ್ತಿಕೊಳ್ಳುತ್ತದೆ. ಸೀಟಿ ಒಂದು ಭುಜಕ್ಕೆ ಕಟ್ಟಿರಲಿ, ಮೂರು ಬಾರಿ ಊದಿದರೆ ಸಹಾಯ ಬೇಕು ಎಂದರ್ಥ. ಜಾಕೆಟ್ ಒಣಗಿಸುವುದು ನೆರಳಿನಲ್ಲಿ. ಕೂರಲು ಮೆತ್ತೆಯಾಗಿ ಬಳಸಿದರೆ ಒಳಗಿನ ಫೋಮ್ ಚಪ್ಪಟೆಯಾಗಿ ಎತ್ತುವ ಬಲ ಕಳೆದುಕೊಳ್ಳುತ್ತದೆ.

2024ರ ಜನವರಿ 18ರಂದು ವಡೋದರದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡರು. ಸಾಮರ್ಥ್ಯ ಮೀರಿ ಜನ ತುಂಬಿದ್ದರು, ಎಲ್ಲರಿಗೂ ಜಾಕೆಟ್ ಇರಲಿಲ್ಲ. ಅದು ನಗರದ ನಡುವಿನ ಕೆರೆ, ಅಲ್ಲಿ ಸೆಳವು ಎಂಬುದೇ ಇರಲಿಲ್ಲ. ಡಿಸೆಂಬರ್, ಜನವರಿಯಲ್ಲಿ ನಮ್ಮ ಘಟ್ಟಗಳಿಗೂ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ಬರುತ್ತವೆ.

ತೆಪ್ಪ ನಿಜಕ್ಕೂ ಒಳ್ಳೆಯ ದೋಣಿ. ಬಿದಿರಿನ ಹೆಣಿಗೆ, ಮೇಲೆ ಟಾರ್ಪಾಲು, ಅದಕ್ಕೆ ಡಾಂಬರಿನ ಲೇಪ. ಅಗಲ ತಳವಿರುವುದರಿಂದ ಬಂಡೆ ಸವರಿದರೂ ಸುಲಭಕ್ಕೆ ಮಗುಚುವುದಿಲ್ಲ. ಅದು ಮಗುಚುವುದು ಎಲ್ಲರೂ ಒಂದೇ ಪಕ್ಕಕ್ಕೆ ವಾಲಿದಾಗ: ಸೆಲ್ಫಿಗೆ ಎದ್ದಾಗ, ಮೊಸಳೆ ಎಂದು ಯಾರೋ ಕೂಗಿದಾಗ, ಗಿರಗಿರನೆ ತಿರುಗಿಸಿ ಎಂದು ಪ್ರವಾಸಿಗಳೇ ಒತ್ತಾಯಿಸಿದಾಗ. ಜನ ಕುಳಿತ ಮೇಲೆ ಅಂಚಿನಿಂದ ನೀರಿಗೆ ಕನಿಷ್ಠ ಒಂದು ಗೇಣು ಉಳಿಯಬೇಕು. ಅಷ್ಟು ಉಳಿಯದಿದ್ದರೆ ಒಬ್ಬರು ಇಳಿಯಬೇಕು. ತೆಪ್ಪಕ್ಕೆ ಎಷ್ಟು ಜನ ಎಂದು ಒಂದೇ ಸಂಖ್ಯೆ ನಿಗದಿ ಮಾಡಿದರೆ ಚಿಕ್ಕ ತೆಪ್ಪಕ್ಕೂ ಅದೇ ಸಂಖ್ಯೆ ತುಂಬುತ್ತಾರೆ. ಆದ್ದರಿಂದ ಒಳಗಡೆಯೇ ಗೇಣಿನ ಗೆರೆ ಬಳಿಯಿರಿ. ನೆಲದ ಮೇಲೆ ಎಳೆದಾಡಿ ತಳ ಸವೆದು ಸೋರುವ ತೆಪ್ಪಗಳಿಗೆ ಮಳೆಗಾಲದ ನಂತರ ಹೊಸ ಲೇಪ ಕಡ್ಡಾಯವಾಗಲಿ, ಅದರ ಖರ್ಚಿಗೆ ಅಂಬಿಗರಿಗೆ ನೆರವೂ ಸಿಗಲಿ. ಒಂದು ಸವಾರಿಯಲ್ಲಿ ಅವರ ಕೈಗೆ ಉಳಿಯುವುದು ಅಲ್ಪ. ಅದರಲ್ಲೇ ಒಳ್ಳೆಯ ಜಾಕೆಟ್ ತನ್ನಿ ಎನ್ನುವುದು ನ್ಯಾಯವಲ್ಲ. ಪ್ರವಾಸಿಗಳಿಂದ ವಾಹನ ನಿಲುಗಡೆಗೆ ವಸೂಲಾಗುವ ಹಣದಲ್ಲಿ ಒಂದು ಪಾಲು ಘಟ್ಟದ ಜಾಕೆಟ್‌ಗಳಿಗೆ ಹೋಗಲಿ.

ಬಾಡಿಗೆ ಕಯಾಕ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷ ಬೇರೆ. ತಳದ ಬಿರಡೆ ಕಳೆದುಹೋಗಿರುತ್ತದೆ, ಬಟ್ಟೆ ತುರುಕಿರುತ್ತಾರೆ. ಟೊಳ್ಳಿನೊಳಗೆ ಹತ್ತಿಪ್ಪತ್ತು ಲೀಟರ್ ನೀರು ಸೇರಿದರೆ ಅದು ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಾಡಿ ಕಯಾಕನ್ನು ಮಗುಚುತ್ತದೆ. ನೀರಿಗಿಳಿಸುವ ಮೊದಲು ಅಲುಗಾಡಿಸಿ ಕಿವಿಗೊಟ್ಟರೆ ಸದ್ದು ಕೇಳುತ್ತದೆ. ಪಾಲಿಥೀನ್ ಒಡಲಿನ ಬಿರುಕಿಗೆ ಎಂ-ಸೀಲ್ ಮೆತ್ತುವುದು ಮೋಸ, ಅದು ಆ ಪ್ಲಾಸ್ಟಿಕ್ಕಿಗೆ ಅಂಟುವುದಿಲ್ಲ. ಅದೇ ಪ್ಲಾಸ್ಟಿಕ್ಕಿನ ಕಡ್ಡಿ ಕರಗಿಸಿ ಬೆಸೆಯಬೇಕು. ಗಾಳಿ ತುಂಬುವ ಕಯಾಕನ್ನು ಬೆಳಗಿನ ತಂಪಿನಲ್ಲಿ ಬಿಗಿಯಾಗಿ ತುಂಬಿ ಮಧ್ಯಾಹ್ನದ ಬಿಸಿಲಿಗೆ ಬಿಟ್ಟರೆ ಹೊಲಿಗೆ ಬಾಯಿ ಬಿಡುತ್ತದೆ. ನಿಂತು ಹುಟ್ಟು ಹಾಕುವ ಹಲಗೆಗೆ ಕಾಲಿನ ಹಗ್ಗ ಕೆರೆಯಲ್ಲಿ ಸರಿ, ಹರಿಯುವ ನದಿಯಲ್ಲಿ ಅದು ಕೊಂಬೆಗೆ ಸಿಕ್ಕಿ ಮುಳುಗಿಸುತ್ತದೆ. ನದಿಯಲ್ಲಿ ಸೊಂಟದ ಬೆಲ್ಟಿಗೆ, ಒಂದೇ ಎಳೆತಕ್ಕೆ ಬಿಚ್ಚುವ ಕೊಂಡಿಯಿಂದ ಕಟ್ಟಬೇಕು. ಆರು ಕಯಾಕ್‌ಗೆ ಒಬ್ಬ ತರಬೇತಾದ ಮಾರ್ಗದರ್ಶಿ, ಅವನ ಕೈಯಲ್ಲಿ 15ರಿಂದ 20 ಮೀಟರ್ ತೇಲುಹಗ್ಗದ ಚೀಲ, ಒಂದು ಚಾಕು. ಹೊರಡುವ ಮುನ್ನ ಸೊಂಟಮಟ್ಟದ ನೀರಿನಲ್ಲಿ ಪ್ರತಿಯೊಬ್ಬರೂ ಒಮ್ಮೆ ಬಿದ್ದು, ಮಗುಚಿದ ಕಯಾಕನ್ನು ಸರಿಮಾಡಿ, ಅಡ್ಡಲಾಗಿ ಹೊಟ್ಟೆಯ ಮೇಲೆ ಏರಿ, ಮೆಲ್ಲಗೆ ತಿರುಗಿ ಕೂರುವುದನ್ನು ಅಭ್ಯಾಸ ಮಾಡಬೇಕು. ಹತ್ತು ನಿಮಿಷ ಸಾಕು. ಸೆಳವಿನಲ್ಲಿ ಬಿದ್ದರೆ ನಿಲ್ಲಲು ಹೋಗಬಾರದು, ಬಂಡೆಯ ಸಂದಿಗೆ ಪಾದ ಸಿಕ್ಕಿದರೆ ಸೊಂಟಮಟ್ಟದ ನೀರೇ ಮುಂದಕ್ಕೆ ತಳ್ಳಿ ಮುಳುಗಿಸುತ್ತದೆ. ಅಂಗಾತ ಮಲಗಿ, ಕಾಲುಗಳನ್ನು ಹರಿವಿನ ದಿಕ್ಕಿಗೆ ಚಾಚಿ ತೇಲಬೇಕು. ಇಷ್ಟನ್ನು ಹೇಳದೆ ಯಾರನ್ನೂ ನದಿಗೆ ಬಿಡಬಾರದು ಎಂಬ ನಿಯಮ ಬರಲಿ.

ಕೆರೆಗಳ ಕಷ್ಟ ಇನ್ನೊಂದು ಬಗೆ. ನೀರು ಒಂದು ಇಲಾಖೆಯದು, ಮೀನು ಇನ್ನೊಂದರದು, ದಡ ಪಂಚಾಯಿತಿಯದು, ಹಕ್ಕಿ ಅರಣ್ಯದವರದು, ಪ್ರವಾಸಿ ಪ್ರವಾಸೋದ್ಯಮದವರದು. ಅನುಮತಿ ಕೇಳಲು ಹೋದವನು ಐದು ಬಾಗಿಲು ತಟ್ಟಿ ಬರಿಗೈಲಿ ಬರುತ್ತಾನೆ, ಕೇಳದೆ ಇಳಿದವನನ್ನು ಯಾರೂ ಕೇಳುವುದಿಲ್ಲ. ಮೀನುಗಾರರ ಸಂಘಗಳು ಕೆರೆಯನ್ನು ಗುತ್ತಿಗೆ ಹಿಡಿದಿರುತ್ತವೆ. ಸಂಜೆ ಹಾಕಿದ ನೈಲಾನ್ ಬಲೆಯನ್ನು ಅವರು ಬೆಳಗ್ಗೆ ಎತ್ತುತ್ತಾರೆ, ಹವ್ಯಾಸಿಗಳು ನೀರಿಗಿಳಿಯುವುದೂ ಅದೇ ಹೊತ್ತಿಗೆ. ಖಾಲಿ ಬಾಟಲಿಗಳ ಸಾಲು ತೇಲುತ್ತಿದ್ದರೆ ಅದರಡಿ ಬಲೆಯಿದೆ ಎಂದು ತಿಳಿದು ಸುತ್ತಿ ಹೋಗಬೇಕು. ಹುಟ್ಟಿನ ಅಲಗಿಗೆ ಬಲೆ ಸಿಕ್ಕಿದರೆ ಎಳೆಯಬಾರದು, ಅಲಗನ್ನು ಬಲೆಗೆ ಸಮಾನಾಂತರವಾಗಿ ತಿರುಗಿಸಿ ಕೆಳಕ್ಕೆ ಜಾರಿಸಿದರೆ ಬಿಡುತ್ತದೆ. ಬಲೆ ಹರಿದರೆ ಅದು ಒಂದು ಮನೆಯ ದುಡಿಮೆ, ಹರಿದವರು ಹಣ ಕೊಡಬೇಕು. ಒಂದು ಬದಿಯಲ್ಲಿ ಬಲೆಯಿಲ್ಲದ ಓಣಿ ಬಿಡಲು ಸಂಘಗಳ ಜತೆ ನೀವು ಮಾತಾಡಿದರೆ ಜಗಳವೇ ಇರುವುದಿಲ್ಲ. ದೊಡ್ಡ ಕೆರೆ, ಹಿನ್ನೀರುಗಳಲ್ಲಿ ಮುಂಗಾರಿನ ಪಡುವಣ ಗಾಳಿ ಜೋರಾಗಿ ಅಲೆ ಏಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು. ಆ ಎರಡು ತಿಂಗಳು ಹನ್ನೊಂದು ಗಂಟೆಯ ನಂತರ ಕೆರೆಗಳಲ್ಲಿ ವಿಹಾರ ಬೇಡವೆಂದು ನಿಯಮ ಮಾಡಿದರೆ ನಾವು ಸಂತೋಷದಿಂದ ಪಾಲಿಸುತ್ತೇವೆ. ಅಂತರಗಂಗೆ ಹಬ್ಬಿದ ಕಡೆ, ಒಳಚರಂಡಿ ಸೇರುವ ಕಡೆ ದೋಣಿ ಬಿಡಲೇಬಾರದು.

ಹಕ್ಕಿಗಳ ವಿಷಯದಲ್ಲಿ ನಿರ್ಬಂಧವನ್ನು ನಾವೇ ಕೇಳುತ್ತಿದ್ದೇವೆ. 2022ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಎಂದು ಗುರುತಾದ ರಂಗನತಿಟ್ಟಿನ ಆಸುಪಾಸಿನಲ್ಲಿ ಖಾಸಗಿ ಕಯಾಕ್ ಬೇಡ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಇಳಿಯುವ ಹದಿನಾರು ಕೆರೆಯಂಥಲ್ಲಿ ಅವು ಇರುವಷ್ಟು ಕಾಲವೂ ಬೇಡ. ಫೆಬ್ರುವರಿಯಿಂದ ಮುಂಗಾರಿನವರೆಗೆ ಮೊಸಳೆಗಳು ದಡದ ಮರಳಿನಲ್ಲಿ ಮೊಟ್ಟೆಯಿಟ್ಟು ಕಾಯುತ್ತವೆ. ಆ ದಿಬ್ಬಗಳ ಮೇಲೆ ದೋಣಿ ಎಳೆದು ಊಟಕ್ಕೆ ಕೂರುವುದನ್ನು ನಿಲ್ಲಿಸಬೇಕು. ಎಲ್ಲೆಲ್ಲಿ ಹೋಗಬಾರದು ಎಂಬ ನಕ್ಷೆಯನ್ನು ಅರಣ್ಯ ಇಲಾಖೆ ಪ್ರಕಟಿಸಲಿ.

ಹೊಸ ಕಾನೂನು ಬೇಕೆಂದೂ ನಾವು ಕೇಳುತ್ತಿಲ್ಲ. 2021ರ ಒಳನಾಡು ಹಡಗುಗಳ ಕಾಯ್ದೆಯಲ್ಲಿ ಯಂತ್ರವಿಲ್ಲದ ದೋಣಿಗಳಿಗೂ ಜಾಗವಿದೆ. ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಮಟ್ಟದಲ್ಲೇ ಅವನ್ನು ದಾಖಲಿಸಿ, ಕನಿಷ್ಠ ಸುರಕ್ಷತೆ ನಿಗದಿ ಮಾಡಲು ಅವಕಾಶವಿದೆ. ಪಂಚಾಯಿತಿಯಲ್ಲಿ ಒಂದು ಪುಸ್ತಕ, ದೋಣಿಗೊಂದು ಸಂಖ್ಯೆ, ವರ್ಷಕ್ಕೊಮ್ಮೆ ತೂಕದ ಬಟ್ಟಿನ ಪರೀಕ್ಷೆ. ತರಬೇತಿಗೆ ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಗೋವಾದಲ್ಲಿ ಕೇಂದ್ರದ ಜಲಕ್ರೀಡಾ ಸಂಸ್ಥೆ ಇದೆ. ಅಂಬಿಗರನ್ನು ಅಲ್ಲಿಗೆ ಕಳುಹಿಸುವುದಕ್ಕಿಂತ ತರಬೇತುದಾರರನ್ನು ಘಟ್ಟಕ್ಕೆ ಕರೆಸುವುದು ಮೇಲು. ಅವರಿಗೆ ನದಿ ಗೊತ್ತಿದೆ. ಗೊತ್ತಾಗಬೇಕಾದದ್ದು ಎಸೆಯುವ ಹಗ್ಗ, ಬಾಯಿಗೆ ಉಸಿರು ಕೊಡುವುದು, ಎದೆ ಒತ್ತುವುದು. ನೀರಿನಿಂದ ಎತ್ತಿದವರ ಹೊಟ್ಟೆ ಒತ್ತಿ ನೀರು ತೆಗೆಯುವ ಹಳೆಯ ರೂಢಿ ಇನ್ನೂ ನಡೆಯುತ್ತಿದೆ, ಅದರಲ್ಲಿ ಅಮೂಲ್ಯ ನಿಮಿಷಗಳು ಹೋಗುತ್ತಿವೆ. ಉಸಿರಿಲ್ಲದಿದ್ದರೆ ಮೊದಲು ಉಸಿರು ಕೊಡಬೇಕು, ಜತೆಯಲ್ಲೇ 112ಕ್ಕೆ ಕರೆ ಹೋಗಬೇಕು.

ನಮ್ಮ ಕಡೆಯಿಂದ ಮಾಡಬಹುದಾದದ್ದನ್ನೂ ಹೇಳುತ್ತೇವೆ. ಮಟ್ಟಪಟ್ಟಿ ಬಳಿಯುವಾಗ ಕಯಾಕಿನಲ್ಲಿ ಹೋಗಿ ಪ್ರತಿ ಕಟ್ಟೆ, ಮಡು, ಮರಳು ತೆಗೆದ ಗುಂಡಿಗಳ ಆಳ ಅಳೆದುಕೊಡುತ್ತೇವೆ. ಜಾಕೆಟ್ ಪರೀಕ್ಷೆಗೆ ಘಟ್ಟಕ್ಕೆ ಬರುತ್ತೇವೆ. ಕೆಂಪು ಗೆರೆ ಮೀರಿ ನೀರಿಗಿಳಿಯುವ ಹವ್ಯಾಸಿ ನಮ್ಮ ಜತೆಯವನೇ ಆದರೂ ದಂಡ ಹಾಕಿ.

ಮುಂದಿನ ಮಳೆಗಾಲ ಕಳೆದು, ನದಿ ಇಳಿದು, ನವೆಂಬರ್‌ನಲ್ಲಿ ಪ್ರವಾಸದ ಸುಗ್ಗಿ ಶುರುವಾಗುವ ಮೊದಲು ನೀರಾವರಿ, ಅರಣ್ಯ, ಮೀನುಗಾರಿಕೆ, ಪ್ರವಾಸೋದ್ಯಮ, ಪೊಲೀಸ್, ಅಗ್ನಿಶಾಮಕ ಇಲಾಖೆಗಳನ್ನೂ ಅಂಬಿಗರನ್ನೂ ಮೀನುಗಾರರ ಸಂಘಗಳನ್ನೂ ಒಂದೆಡೆ ಕೂರಿಸಿ ಸಭೆ ಕರೆಯಬೇಕೆಂದು ಕೋರುತ್ತೇವೆ. ಸಭೆ ಶ್ರೀರಂಗಪಟ್ಟಣದ ಯಾವುದಾದರೂ ಸ್ನಾನಘಟ್ಟದ ಬಳಿಯೇ ಆಗಲಿ. ಮೊದಲ ಮಟ್ಟಪಟ್ಟಿಯನ್ನು ಅದೇ ದಿನ ಗುರುತು ಮಾಡಬಹುದು.

ಇಂತಿ ತಮ್ಮ ವಿಶ್ವಾಸಿಗಳು,
ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಹುಟ್ಟುದೋಣಿ ಹವ್ಯಾಸಿಗಳು